ಯಾವ ಕೈಯಲ್ಲಿ ಗುಂಡಿ?

ಟೈಲರ್ ಅಂಗಡಿಯಲ್ಲಿ ಬಟ್ಟೆಗೆ ಗುಂಡಿ ಹಚ್ಚುವ ಗುಂಡಿ ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಹೊಕ್ಕ ಮೇಲೇ ಟೈಲರ್ ಮಾಸ್ಟರು ಬಾಯಿ ಬಿಟ್ಟರು.

"ನಾಳೆ ಒಬ್ಬರಿಗೇ ರಜೆ. ಇಬ್ಬರೂ ಹೋದ್ರೆ ಅಷ್ಟೂ ಯೂನಿಫಾರಂ ನಾನೊಬ್ನೇ ಹೊಲೀಲಾ? ದಿನಾ ಆಡ್ತೀರಲ್ಲ, ಹಂಗೇ ಆಡಿ ತೀರ್ಮಾನ ಮಾಡ್ಕೊಳ್ಳಿ. ಮೂರರಲ್ಲಿ ಎರಡು ಗೆದ್ದವರಿಗೆ ರಜೆ."

ಫ್ಯಾನಿನ ಕೆಳಗಿನ ಜಾಗಕ್ಕಾಗಿ ಅಕ್ಕನೂ ಟೇಪಣ್ಣನೂ ದಿನಾ ಆಡುವ ಆಟ ಅದು. ಅಕ್ಕ ಬೆನ್ನ ಹಿಂದೆ ಒಂದು ಕೈಯಲ್ಲಿ ಗುಂಡಿ ಬಚ್ಚಿಟ್ಟು ಎರಡೂ ಮುಷ್ಟಿ ಮುಂದೆ ಚಾಚುತ್ತಾಳೆ. ಕೊರಳಲ್ಲಿ ಸದಾ ಅಳತೆಪಟ್ಟಿ ನೇತುಹಾಕಿಕೊಂಡಿರುವ ಟೇಪಣ್ಣ ಯಾವ ಕೈ ಅಂತ ಹೇಳಬೇಕು.

ನಾಳೆ ಟೇಪಣ್ಣನ ಮಗಳಿಗೆ ಶಾಲೆಯಲ್ಲಿ ಓಟದ ಪಂದ್ಯ. ಬಂದೇ ಬರ್ತೀನಿ ಅಂತ ಮೂರು ಸಲ ಮಾತು ಕೊಟ್ಟಿದ್ದ. ಆದರೂ ಅವನಿಗೆ ಹೆದರಿಕೆಯಿರಲಿಲ್ಲ. ಒಂದು ತಿಂಗಳ ಆಟವೆಲ್ಲ ಅವನ ತಲೆಯಲ್ಲಿತ್ತು.

ಅಕ್ಕ ಮುಷ್ಟಿ ಚಾಚಿದ್ದೇ ತಡ, "ಎಡ!" ಎಂದ. ಗುಂಡಿ ಎಡಗೈಯಲ್ಲೇ ಇತ್ತು.

"ಹೆಂಗೋ ಕಂಡುಹಿಡಿದೆ?" ಎಂದ ಮೂಲೆಯಲ್ಲಿದ್ದ ಇಸ್ತ್ರಿಯವನು.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಟೇಪಣ್ಣ ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಉಬ್ಬಿದ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಮೇಲೆ ತಿಂಗಳ ಆಟವನ್ನೆಲ್ಲ ಬರೆದು ತೋರಿಸಿದ.

"ಅಕ್ಕ ಗೆದ್ರೆ ಮರುಸಲ ಅದೇ ಕೈ. ಸೋತ್ರೆ ಇನ್ನೊಂದು ಕೈ. ಅಕ್ಕ ಒಂದು ದಿನಾನೂ ತಪ್ಪಿಲ್ಲ!"

"ಹೌದೇನೋ? ನನಗೇ ಗೊತ್ತಿರ್ಲಿಲ್ಲ ನೋಡು," ಎಂದಳು ಅಕ್ಕ, ಬರೆದದ್ದನ್ನು ನಿಧಾನವಾಗಿ ಓದುತ್ತಾ.

ಎರಡನೇ ಸಲ ಅವನು ಬಲ ಎಂದ. ಗುಂಡಿ ಎಡಗೈಯಲ್ಲೇ ಕೂತಿತ್ತು.

ಮೂರನೇ ಸಲ ಟೇಪಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹಳೇ ಅಭ್ಯಾಸದಂತೆ ಎಡ. ಆದರೆ ಅದೀಗ ಅಕ್ಕನಿಗೆ ಗೊತ್ತು, ಅಂದರೆ ಬಲ. ಅವಳಿಗೆ ಗೊತ್ತು ಅನ್ನೋದು ತನಗೆ ಗೊತ್ತು, ಅದೂ ಅವಳಿಗೆ ಗೊತ್ತಿದ್ದರೆ ಮತ್ತೆ ಎಡ...

"ಬಲ ಅನ್ನೋ!" ಎಂದ ಇಸ್ತ್ರಿಯವನು.

"ಅವನ ಮಾತು ಕೇಳ್ಬೇಡ, ಎಡ!" ಎಂದರು ಮಾಸ್ಟರು.

"ಬೇಗ ಹೇಳಪ್ಪಾ, ಕೈ ಜೋಮು ಹಿಡೀತು," ಎಂದಳು ಅಕ್ಕ.

"ಬಲ!"

ಬಲಗೈ ಖಾಲಿ.

"ಛೇ, ಎಡ ಅನ್ನಬೇಕಿತ್ತು!"

ಅಕ್ಕ ಎಡಗೈ ಬಿಚ್ಚಿದಳು. ಅದೂ ಖಾಲಿ. ಗುಂಡಿ ಅವಳ ಮಡಿಲಲ್ಲಿದ್ದ ಅಂಗಿಯ ಮೇಲೆ ತಣ್ಣಗೆ ಬಿದ್ದಿತ್ತು.

"ಅಯ್ಯೋ! ನಿನ್ನ ಲೆಕ್ಕ ನೆನಪಿಟ್ಟುಕೊಳ್ಳೋ ಗಡಿಬಿಡೀಲಿ ಗುಂಡಿ ತಗೊಳ್ಳೋದೇ ಮರ್ತೆ ಕಣೋ."

"ಹಂಗಾದ್ರೆ ಇದು ಆಟವೇ ಅಲ್ಲ!"

"ನೀನು ಹೇಳಿದ ಕೈಲಿ ಗುಂಡಿ ಇತ್ತಾ? ಇಲ್ವಲ್ಲ," ಎಂದರು ಮಾಸ್ಟರು. "ಸೋತೆ. ರಜೆ ಅಕ್ಕನಿಗೆ."

ಇಸ್ತ್ರಿಯವನು ಇಸ್ತ್ರಿಗೆ ಮರಳಿದ. ಮಾಸ್ಟರ ಮೆಶಿನ್ ಗರಗರ ತಿರುಗಿತು. ಅಕ್ಕ ಅಂಗಿಯ ಮೇಲೆ ತಲೆ ಬಗ್ಗಿಸಿದಳು.

"ಇನ್ನೊಂದೇ ಒಂದು ಸಲ ಆಡೋಣ, ಅಕ್ಕಾ," ಎಂದ ಟೇಪಣ್ಣ.