ಹಲ್ಲು ನೋಡುವ ಮಾಮ

ನಮ್ಮ ಸೋದರಮಾವನಿಗೆ ಮನುಷ್ಯರಿಗೂ ಕುರಿಗಳಿಗೂ ವ್ಯತ್ಯಾಸ ಗೊತ್ತಿರಲಿಲ್ಲ ಎಂದರೆ ನೀವು ನಗಬಹುದು. ನಗಿ, ಆದರೆ ಅವನೆದುರು ನಗುವಂತಿರಲಿಲ್ಲ. ನಕ್ಕರೆ ಹಲ್ಲು ಕಾಣುತ್ತದಲ್ಲ! ಕಂಡರೆ ಸಾಕು, ಗಲ್ಲ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿ, "ಎಡಗಡೆ ದವಡೆ ಹಲ್ಲಿಗೆ ಹುಳ ಬಿದ್ದೈತೆ. ತಿಂದದ್ದು ಅರಗ್ತೈತಾ?" ಎಂದು ವಿಚಾರಣೆ ಶುರು ಮಾಡುತ್ತಿದ್ದ.

ಹರಿಯಬ್ಬೆಯ ಕಡೆ ಕುರಿ ಮೇಯಿಸಿಕೊಂಡಿದ್ದವನು. ಕುರಿ ಕೊಳ್ಳುವವರು ಮೊದಲು ಅದರ ತುಟಿ ಸರಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲಾಗಿದ್ದರೆ ಎಳೆಯದು, ನಾಲ್ಕಾಗಿದ್ದರೆ ಇನ್ನೊಂದಿಷ್ಟು ಬಲಿತದ್ದು, ಸವೆದಿದ್ದರೆ ಕೈಬಿಡು. ಹಲ್ಲು ಕೆಟ್ಟ ಕುರಿ ಹಸಿರು ಹುಲ್ಲಿನ ನಡುವೆ ನಿಂತೇ ಸೊರಗಿ ಸಾಯುತ್ತದೆ ಎಂಬುದು ಅವನು ಕಣ್ಣಾರೆ ಕಂಡ ಸತ್ಯ. ಇಲ್ಲಿಯವರೆಗೆ ಸರಿ. ಆದರೆ ಆ ವಿದ್ಯೆಯನ್ನು ಊರಿನ ಮೇಷ್ಟರಿಂದ ಹಿಡಿದು ಬಸ್ ಕಂಡಕ್ಟರನವರೆಗೆ ಎಲ್ಲರ ಮೇಲೂ ಪ್ರಯೋಗಿಸಿದರೆ? ಆ ಕಂಡಕ್ಟರು ಪಾಪ, ಮಾಮ ಬಸ್ಸು ಹತ್ತಿದ ದಿನ ಆಕಳಿಕೆ ಬಂದರೂ ನುಂಗಿಕೊಳ್ಳುತ್ತಿದ್ದ.

ತನ್ನ ಹಲ್ಲಿನ ಬಗ್ಗೆಯಂತೂ ಮಾಮನಿಗೆ ಹೇಳತೀರದ ಜಂಬ. ಬೆಳಿಗ್ಗೆ ಎದ್ದು ಬೇವಿನ ಕಡ್ಡಿ ಬಾಯಿಗಿಟ್ಟರೆ ಕುರಿಗಳೆಲ್ಲ ಎದ್ದು ಮೈಕೊಡವಿ ನಿಂತರೂ ಉಜ್ಜುವುದು ಮುಗಿಯುತ್ತಿರಲಿಲ್ಲ. ಐವತ್ತು ದಾಟಿದರೂ ಮೂವತ್ತೆರಡೂ ಅಲುಗದೆ ಇದ್ದವು. "ಅನುಮಾನ ಇದ್ರೆ ಎಣಿಸ್ಕಳ್ರಿ" ಎಂದು ಬಾಯಿ ತೆರೆದು ನಿಲ್ಲುತ್ತಿದ್ದ. ಪೂರ್ತಿ ಎಣಿಸುವ ತಾಳ್ಮೆ ಯಾರಿಗೂ ಇಲ್ಲ ಎಂಬುದೇ ಅವನ ಕೊರಗು.

ಎಪ್ಪತ್ತರ ದಶಕದ ಮೊದಲಲ್ಲಿ ನನಗೆ ಹೆಣ್ಣು ನೋಡಲು ಹೊಳಲ್ಕೆರೆಗೆ ಹೋದೆವು. ಹುಡುಗಿ ಉಪ್ಪಿಟ್ಟು ತಂದಿಟ್ಟಳು. ಅಮ್ಮ ಹೆಸರು ಕೇಳಿದಳು. ಮಾಮ ಮುಂದೆ ಬಾಗಿ, "ಒಂದ್ಸಲ ಆ ಅನ್ನವ್ವ" ಎಂದ. ಹುಡುಗಿಯ ಅಪ್ಪ ಕುರ್ಚಿಯಿಂದ ಎದ್ದರು. ಅಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು. ಆ ಹುಡುಗಿ ಮಾತ್ರ ಕದಲದೆ, "ಮೊದ್ಲು ನಿಮ್ಮ ಹುಡುಗನ್ನ ಆ ಅನ್ನಿಸ್ರಿ" ಎಂದಳು. ನ್ಯಾಯ ಎಂದರೆ ನ್ಯಾಯ ಎಂದು ಮಾಮ ನನ್ನ ಬಾಯಿ ತೆರೆಸಿ, ಬೀಗರಾಗುವವರಿಗೆಲ್ಲ ಕೇಳುವಂತೆ, "ಎರಡು ಹುಳುಕು ಅವೆ. ಸುಳ್ಳು ಯಾಕೆ ಹೇಳಾಣ" ಎಂದು ಸಾರಿದ. ಆ ಹುಡುಗಿ ಅಷ್ಟಾದರೂ ನನ್ನನ್ನು ಒಪ್ಪಿದಳು. ಜಗಳವಾದಾಗಲೆಲ್ಲ ಆ ಎರಡು ಹಲ್ಲಿನ ಮಾತು ಇವತ್ತಿಗೂ ಬರುತ್ತದೆ.

ಮದುವೆಯಾದ ಮರುವರ್ಷ, ಹೆಂಡತಿ ಬಸುರಿಯಾಗಿದ್ದಾಗ, ಹಿರಿಯೂರಿನ ನಮ್ಮ ಮನೆಯಲ್ಲಿ ಅಮ್ಮ ಸೊರಗತೊಡಗಿದಳು. ಸಂಜೆಯಾದರೆ ಸಣ್ಣ ಜ್ವರ, ಕೀಲುಕೀಲು ನೋವು, ಊಟ ಬೇಡ. ಸೂಜಿ ಚುಚ್ಚಿಸಿದ್ದಾಯಿತು, ಟಾನಿಕ್ ಕುಡಿಸಿದ್ದಾಯಿತು, ದೇವರಿಗೆ ಮುಡಿಪು ಕಟ್ಟಿದ್ದಾಯಿತು. ಕ್ಷಯವೋ ಏನೋ ಎಂದು ನೆರೆಯವರು ಗುಸುಗುಸು ಅಂದರು. ಅಮ್ಮ ನಮ್ಮ ಕೈತಪ್ಪಿ ಹೋಗುತ್ತಾಳೆ ಎಂಬ ಭಯ ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಸುದ್ದಿ ತಿಳಿದು ಮಾಮ ಬಂದ. ಅಮ್ಮ ಉಣ್ಣುವುದನ್ನು ನೋಡುತ್ತ ಕುಳಿತ. ಆಮೇಲೆ ನನಗೆ ಹೇಳಿದ: "ಒಂದೇ ದವಡೇಲಿ ಮೇಯ್ತಾಳೆ ನೋಡ್ಲೇ."

ಕಿಟಕಿಯ ಹತ್ತಿರ ಕೂರಿಸಿ ಬಾಯಿ ತೆರೆಸಿದ. ಮೇಲಿನ ದವಡೆಯ ಹಲ್ಲೊಂದು ಕೊಳೆತು, ಒಸಡಿನಿಂದ ಕೀವು ಒಸರುತ್ತಿತ್ತು. ಅಮ್ಮ ತಿಂಗಳುಗಟ್ಟಲೆ ಅಲ್ಲಿ ಲವಂಗ ಒತ್ತಿಟ್ಟುಕೊಂಡು, ಸೆರಗು ಅಡ್ಡ ಹಿಡಿದು, ತನ್ನ ಅಣ್ಣನಿಂದಲೂ ಮುಚ್ಚಿಟ್ಟಿದ್ದಳು.

"ಮೊಣಕಾಲು ನೋವಿಗೂ ಹಲ್ಲಿಗೂ ಏನ್ ಸಂಬಂಧ ಮಾಮ?" ಎಂದೆ. ನಾನು ಓದಿದವನಲ್ಲವೇ!

"ಬಾವಿ ನೀರು ಕೆಟ್ರೆ ಊರೆಲ್ಲ ಮಲಗಲ್ವೇನ್ಲೇ? ಎಲ್ರೂ ಕುಡಿಯಾದು ಅದನ್ನೇ" ಎಂದ.

ಮರುದಿನ ದುರ್ಗದ ಹಲ್ಲಿನ ಡಾಕ್ಟರು ಅದನ್ನೇ ಇಂಗ್ಲಿಷು ಬೆರೆಸಿ ಹೇಳಿದರು. ಹಲ್ಲಿನ ಬುಡದ ಕೀವು ರಕ್ತಕ್ಕೆ ಸೇರುತ್ತಿರಬಹುದು, ಬಿಟ್ಟರೆ ಹೃದಯಕ್ಕೂ ತೊಂದರೆಯಾದೀತು, ಕೀಳಲೇಬೇಕು. ಅಮ್ಮ ಎದ್ದು ನಿಂತಳು. "ಮೇಲಿನ ಹಲ್ಲು ಕಿತ್ರೆ ಕಣ್ಣು ಹೋಗ್ತಾವೆ. ನಾನು ಒಲ್ಲೆ."

"ಕುರಿಗೆ ಮೇಲೆ ಮುಂದಿನ ಹಲ್ಲೇ ಇಲ್ಲ. ಅವೇನು ಕುರುಡಾಗಿ ತಿರುಗ್ತಾವಾ?" ಎಂದ ಮಾಮ.

"ನಾನೇನ್ ಕುರಿನಾ ಅಣ್ಣ?" ಎಂದಳು ಅಮ್ಮ. "ಸಾಯಾದಾದ್ರೆ ಸಾಯ್ತೀನಿ. ಮೊಮ್ಮಗೂನ ಮುಖ ನೋಡಾಕೆ ಕಣ್ಣಿರ್ಬೇಕು ನಂಗೆ."

ಮಾಮ ತಲೆ ಕೆರೆದುಕೊಂಡು, "ನಂಗೂ ಎರಡು ದಿನದಿಂದ ಮೇಲಿನ ಹಲ್ಲು ನೋಯ್ತೈತೆ. ಮೊದ್ಲು ನಂದು ಕೀಳ್ರಿ ಸ್ವಾಮಿ" ಎನ್ನುತ್ತ ಪರದೆಯ ಒಳಗೆ ನಡೆದ. ಒಳಗೆ ಬಹಳ ಹೊತ್ತು ಗುಸುಗುಸು ನಡೆಯಿತು. ಆಮೇಲೆ ಮಾಮ ಹತ್ತಿ ಕಚ್ಚಿಕೊಂಡು ಹೊರಬಂದ. ಅಂಗೈಯಲ್ಲಿ ಹಲ್ಲು. ನೇರ ಕಿಟಕಿಯ ಬಳಿ ಹೋಗಿ ಕೋಟೆಯ ಕಡೆ ಕೈ ತೋರಿಸಿ, ತೊದಲುತ್ತ, "ಅಗೋ, ಬಂಡೆ ಮ್ಯಾಲೆ ಮೇಕೆ ನಿಂತೈತೆ. ಬಲಗಿವಿ ಹರಿದೈತೆ" ಎಂದ. ನನಗೆ ಕಂಡದ್ದು ಒಂದು ಕಪ್ಪು ಚುಕ್ಕೆ, ಅಷ್ಟೇ. ಅಮ್ಮ ಅಣ್ಣನ ಕಣ್ಣುಗಳನ್ನು ಒಂದೊಂದಾಗಿ ನೋಡಿದಳು. ನೋಡಿ, ಹೋಗಿ ಕುರ್ಚಿಯಲ್ಲಿ ಕುಳಿತಳು.

ತಿಂಗಳು ಕಳೆಯುವುದರಲ್ಲಿ ಜ್ವರ ಬಿಟ್ಟಿತು. ಕೀಲುನೋವು ಇಳಿಯಿತು. ಅಮ್ಮ ರೊಟ್ಟಿ ಮುರಿದು ತಿಂದಳು, ಟಾನಿಕ್ಕಿನ ಬಾಟಲಿಗೆ ಸೀಮೆಎಣ್ಣೆ ತುಂಬಿಟ್ಟಳು. ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಅವಳೇ. "ನಿನ್ನ ಮೂಗೇ ಬಂದೈತಲ್ಲೋ" ಎಂದು ನಕ್ಕಳು.

ಡಾಕ್ಟರಿಗೆ ಕೈಮುಗಿದು ಬರಲು ದುರ್ಗಕ್ಕೆ ಹೋದೆ. ಅವರು ಹೇಳಿದರು: "ನಿಮ್ಮ ಮಾಮನ ಹಲ್ಲಿಗೆ ಏನೂ ಆಗಿರ್ಲಿಲ್ಲ. ಕಲ್ಲಿನ ಹಂಗಿತ್ತು. ಕೀಳಲ್ಲ ಅಂದೆ. ಕೈ ಹಿಡ್ಕೊಂಡ್ಬಿಟ್ರು. 'ಹೊರಗೆ ನನ್ನ ತಂಗಿ ಕಾಯ್ತಾ ಐತೆ, ಕಿತ್ಬಿಡ್ರಿ ಸ್ವಾಮಿ' ಅಂದ್ರು."

ಅಲ್ಲಿಂದ ನಾನು ಮನೆಗೆ ಹೋಗಲಿಲ್ಲ, ಹರಿಯಬ್ಬೆಗೆ ಹೋದೆ. ಮಾಮ ಹಟ್ಟಿಯ ಮುಂದೆ ಕುಳಿತು ಮರಿಯೊಂದಕ್ಕೆ ಹಾಲು ಕುಡಿಸುತ್ತಿದ್ದ. ನಮ್ಮ ಮನೆಗಳಲ್ಲಿ ಉಪಕಾರವಾಯಿತು ಎಂದು ಯಾರಿಗೂ ಬಾಯಿಬಿಟ್ಟು ಹೇಳಿ ರೂಢಿಯಿಲ್ಲ. ಆದರೂ ಅವನ ಕಾಲು ಹಿಡಿದುಕೊಂಡೆ. "ಮಾಮ, ನಮ್ಮಮ್ಮನ್ನ ನಮಗೆ ಉಳಿಸ್ಕೊಟ್ಟೆ" ಎಂದೆ.

ಮಾಮ ಮರಿಯನ್ನು ಕೆಳಗಿಳಿಸಿದ.

"ನಿನಗೆ ಯಾಕಲೇ ಉಳಿಸ್ಕೊಡ್ಲಿ? ನಂಗೆ ಉಳಿಸ್ಕಂಡೆ. ಅವ್ಳು ನಿಮ್ಮಮ್ಮ ಆಗಿದ್ದು ಮೊನ್ನೆ ಮೊನ್ನೆ. ಅವ್ಳಿಗೆ ಮೊದಲ್ನೇ ಹಲ್ಲು ಬಂದಿದ್ದು ನಮ್ಮವ್ವಂಗೂ ಗೊತ್ತಿರ್ಲಿಲ್ಲ. ನನ್ನ ಬೆರಳು ಕಚ್ಚಿದ್ಲು ನೋಡು, ಆವಾಗ ನಂಗೆ ಗೊತ್ತಾಯ್ತು."