ನನ್ನ ಗುಟ್ಟು, ರತ್ನಮ್ಮನ ಫೋನು

ವಾದದಲ್ಲಿ ಸೋತವರನ್ನು ಕಂಡರೆ ನನಗೆ ಕನಿಕರ ಹುಟ್ಟುವುದಿಲ್ಲ. ತಯಾರಿ ಮಾಡಿಕೊಂಡು ಬರಬೇಕಿತ್ತು ಅನಿಸುತ್ತದೆ. ತುಮಕೂರಿನ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿ ಇಳಿದವಳು ನಾನು. ಎದುರಿನವರು ಉಸಿರೆಳೆದುಕೊಳ್ಳುವಷ್ಟರಲ್ಲಿ ಅವರ ಮಾತಿನ ತೂತು ಹುಡುಕುವ ಚಟ ಅಲ್ಲಿ ಅಂಟಿದ್ದು ಇನ್ನೂ ಬಿಟ್ಟಿಲ್ಲ. ಊಟದ ಪಂಕ್ತಿಯಲ್ಲಿ ಯಾರಾದರೂ ‘ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ’ ಎಂದರೂ ಪರವಾಗಿ ಮೂರು, ವಿರೋಧವಾಗಿ ನಾಲ್ಕು ಅಂಶಗಳು ತಾವಾಗಿಯೇ ಸಾಲುಗಟ್ಟಿ ನಿಲ್ಲುತ್ತವೆ. ಅಷ್ಟರಲ್ಲಿ ಹೋಳಿಗೆ ಮುಂದಿನ ಎಲೆಗೆ ಹೋಗಿರುತ್ತದೆ. ಇಂಥ ನಾನು ಗೆದ್ದ ವಾದಗಳಲ್ಲೆಲ್ಲ ದೊಡ್ಡದು ನನ್ನ ಫೋನಿನ ಪರವಾಗಿ ಗೆದ್ದದ್ದು. ಆ ಗೆಲುವಿನಿಂದ ನನಗಾದಷ್ಟು ತೊಂದರೆ ಸೋತವರು ಯಾರಿಗೂ ಆಗಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಪ್ಪಿಕೊಳ್ಳುವುದು ನನಗೆ ಅಭ್ಯಾಸವಿಲ್ಲದ ಕೆಲಸ. ತಪ್ಪಿದರೆ ಮನ್ನಿಸಬೇಕು.

ಇದು ಶುರುವಾದದ್ದು ನೋಟು ಬದಲಾದ ಮರುವರ್ಷ. ಪೀಣ್ಯದಲ್ಲಿ ವಾಲ್ವು ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ನಾನು ಕಾಂಟ್ರಾಕ್ಟಿನ ಮೇಲಿದ್ದೆ. ವಾಸ ಲಗ್ಗೆರೆಯಲ್ಲಿ, ರತ್ನಮ್ಮನವರ ಮನೆಯ ಕೆಳಗಿನ ರೂಮಿನಲ್ಲಿ. ಒಂದು ದಿನ, ಕೂದಲು ಯಾಕೆ ಉದುರುತ್ತದೆ ಎಂದು ಫೋನಿನಲ್ಲಿ ಒಂದೇ ಒಂದು ಸಲ ಹುಡುಕಿದೆ. ಅಂದಿನಿಂದ ಎಣ್ಣೆಯವರು ನನ್ನ ಬೆನ್ನು ಹತ್ತಿದರು. ಬಸ್ಸಿನ ಹೊತ್ತು ನೋಡಲು ಹೋದರೆ ಎಣ್ಣೆ, ಪಲ್ಯ ಮಾಡುವುದು ಹೇಗೆಂದು ನೋಡಿದರೆ ಅದರ ಮೇಲೂ ಎಣ್ಣೆ. ಕೊನೆಗೊಂದು ಬೆಳಿಗ್ಗೆ ನಮ್ಮ ಮ್ಯಾನೇಜರ್ ಮೂರ್ತಿಯವರಿಗೆ ಫೋನಿನಲ್ಲಿ ವಾಲ್ವಿನ ಬಿರುಕೊಂದರ ಫೋಟೋ ತೋರಿಸುತ್ತಿರುವಾಗ ಪರದೆಯ ಮೇಲೆ ಬೋಳುತಲೆಯೊಂದು ಎದ್ದು ‘ನಿಮಗೂ ಹೀಗಾಗಿದೆಯೇ?’ ಎಂದು ಕೇಳಿತು. ಮೂರ್ತಿಯವರಿಗೆ ಹಾಗೇ ಆಗಿತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಬಿರುಕಿನ ವಿಷಯ ಮಾತ್ರ ಮಾತಾಡೋಣ ಎಂದರು.

ನನಗೆ ಕೋಪ ಬಂತು. ನಾನು ದುಡಿದು ಕೊಂಡ ಫೋನು ನನ್ನ ಚಾಡಿಯನ್ನು ಊರಿಗೆಲ್ಲ ಹೇಳುವುದೆಂದರೇನು? ಇದನ್ನು ಕ್ಯಾಂಟೀನಿನಲ್ಲಿ ಎತ್ತಿದರೆ ಒಬ್ಬರಿಗೂ ಬಿಸಿ ತಟ್ಟಲಿಲ್ಲ. ಎಲ್ಲರದೂ ಒಂದೇ ಪಲ್ಲವಿ: ‘ನಮ್ಮತ್ರ ಮುಚ್ಚಿಡೋಕೆ ಏನಿದೆ?’ ಈ ಮಾತಿನಷ್ಟು ಸೋಮಾರಿಯಾದ ವಾದವನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ. ಮುಚ್ಚಿಡೋಕೆ ಏನೂ ಇಲ್ಲ ಎನ್ನುವ ಇದೇ ಜನ ಊಟದ ಡಬ್ಬಿಯ ಮುಚ್ಚಳವನ್ನು ಅರ್ಧ ತೆರೆದು, ಒಳಗಿನ ಮೊಟ್ಟೆ ಪಕ್ಕದವರಿಗೆ ಕಾಣದಂತೆ ಮೊಣಕೈ ಅಡ್ಡ ಇಟ್ಟು ತಿನ್ನುತ್ತಾರೆ. ಟಾರ್ಚ್ ಬಿಡುವ ಆ್ಯಪು ನಿಮ್ಮ ಸೋದರತ್ತೆಯ ನಂಬರು ಕೇಳುತ್ತದಲ್ಲ, ಕತ್ತಲೆಯಲ್ಲಿ ಅದು ಆಕೆಗೆ ಫೋನ್ ಮಾಡಿ ದಾರಿ ಕೇಳುತ್ತದೆಯೇ ಎಂದೆ. ಬಸವರಾಜ ಮಾತ್ರ ಯೋಚನೆ ಮಾಡಿದ. ಕೊಪ್ಪಳದ ಕಡೆಯವನು, ನಮ್ಮ ವಿಭಾಗದವನೇ. ಲಗ್ಗೆರೆಯಲ್ಲೇ ಊರಿನವರ ಜೊತೆ ಒಂದು ರೂಮಿನಲ್ಲಿ ಐದು ಜನ ಇದ್ದರು. ‘ಮೇಡಂ, ಐದು ಮಂದಿಗೆ ಒಂದೇ ಕನ್ನಡಿ ಐತ್ರಿ ನಮ್ಮ ರೂಮಿನ್ಯಾಗ. ಖಾಸಗಿ ಅಂದ್ರ ಏನಂತ ನಾ ಮರತs ಬಿಟ್ಟೀನಿ’ ಎಂದ. ಅದಕ್ಕೆ ಉತ್ತರ ಇತ್ತು, ಅಷ್ಟರಲ್ಲಿ ಸೈರನ್ ಹೊಡೆಯಿತು.

ಮುಂದಿನ ಭಾನುವಾರವೇ ನಾನು ಸುಹಾಸನೆಂಬ ಗುರುವನ್ನು ಹುಡುಕಿಕೊಂಡು ವೈಟ್‌ಫೀಲ್ಡಿಗೆ ಹೋದೆ. ಅಂತರ್ಜಾಲದಲ್ಲಿ ಪರಿಚಯವಾದವನು, ಫೋನಿನೊಳಗಿನ ಕಂಪನಿಯ ವ್ಯವಸ್ಥೆಯನ್ನು ಕಿತ್ತು, ಯಾರ ಹಂಗೂ ಇಲ್ಲದ ಬೇರೊಂದನ್ನು ತುಂಬಿಕೊಡುವುದು ಅವನ ಧರ್ಮಕಾರ್ಯ. ಹಳೆಯ ಫೋನಿನಲ್ಲಿ ಏನೂ ಉಳಿಸಿಕೊಳ್ಳಬಾರದು ಎಂದು ದೀಕ್ಷೆ ಕೊಡುವ ಸ್ವಾಮಿಗಳ ಧಾಟಿಯಲ್ಲಿ ಹೇಳಿದ. ನಾಲ್ಕು ಗಂಟೆ ಹಿಡಿಯಿತು. ಎರಡು ಸಲ ಫೋನು ಸತ್ತು ಬದುಕಿತು. ಆಮೇಲೆ ಕಪ್ಪು ಪರದೆಯ ಮೇಲೆ ಆರು ಚಿಕ್ಕ ಚಿತ್ರಗಳು ಮೂಡಿದವು: ಕರೆ, ಸಂದೇಶ, ಕ್ಯಾಲ್ಕುಲೇಟರ್, ಗಡಿಯಾರ, ಕ್ಯಾಮೆರಾ ಮತ್ತು ಸ್ವಯಂಸೇವಕರು ಸೇರಿ ಬರೆದ ಒಂದು ನಕ್ಷೆ. ಉಳಿದದ್ದು ಎಲ್ಲಿ ಎಂದೆ. ಉಳಿದದ್ದೇ ಬಂಧನ ಎಂದ. ಹೊರಡುವಾಗ ಈ ಸಾಧನೆಯ ನೆನಪಿಗೆಂದು ನನ್ನ ಜೊತೆ ಸೆಲ್ಫಿ ತೆಗೆದುಕೊಂಡು, ಜಗತ್ತಿಗೆಲ್ಲ ಕಾಣುವ ಹಾಗೆ ಹಾಕಿಬಿಟ್ಟ. ಆಗಲೇ ಅನುಮಾನ ಬರಬೇಕಿತ್ತು.

ಇಲ್ಲದ್ದರಲ್ಲಿ ಮುಖ್ಯವಾದದ್ದು ಆ ಹಸಿರು ಬಣ್ಣದ ಮೆಸೇಜ್ ಆ್ಯಪು. ಅದನ್ನು ನಾನು ತತ್ವಕ್ಕಾಗಿ ಬಿಟ್ಟೆ. ನಮ್ಮ ಕಾರ್ಖಾನೆ ಮಾತ್ರ ಅದರ ಮೇಲೆಯೇ ನಡೆಯುತ್ತಿತ್ತು. ಬಸವರಾಜ ನಮ್ಮ ವಿಭಾಗಕ್ಕೊಂದು ಗ್ರೂಪು ಮಾಡಿದ್ದ. ಶಿಫ್ಟು, ರಜೆ, ಮೂರ್ತಿಯವರ ಸಿಟ್ಟು ಎಲ್ಲ ಅದರಲ್ಲೇ ಬರುತ್ತಿದ್ದವು. ಗುರುವಾರ ಕರೆಂಟಿಲ್ಲ, ರಜೆ. ಬದಲಿಗೆ ಭಾನುವಾರ ಬನ್ನಿ ಎಂಬ ಸಂದೇಶವೊಂದು ಅಲ್ಲಿ ಬಂದು ಹೋಯಿತು. ನಾನು ಗುರುವಾರ ಹೋಗಿ ಗೇಟಿನ ಬಳಿ ಕಾಲು ಬಾಗಿದ ಕುರ್ಚಿಯ ಮೇಲೆ ಸೆಕ್ಯೂರಿಟಿಯವರ ಜೊತೆ ಕೂತಿದ್ದೆ; ಭಾನುವಾರ ಲಗ್ಗೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಸೋಮವಾರ ಮೂರ್ತಿಯವರು ಮೆಮೊ ಕೊಟ್ಟರು. ಯಾವುದೋ ಖಾಸಗಿ ಕಂಪನಿಯ ಆ್ಯಪನ್ನು ನೌಕರಿಗೆ ಷರತ್ತು ಮಾಡಲು ನಿಮಗೆ ಅಧಿಕಾರ ಎಲ್ಲಿಂದ ಬಂತು ಎಂದು ಅವರನ್ನು ಕಾಲು ಗಂಟೆ ಪ್ರಶ್ನಿಸಿದೆ. ಅವರು ಇನ್ನೊಂದು ಮೆಮೊ ಬರೆದುಕೊಟ್ಟರು.

ಆಗ ನನ್ನ ಪಾಲಿಗೆ ಒದಗಿದವರು ರತ್ನಮ್ಮ. ಲಗ್ಗೆರೆ ಹೊಲವಾಗಿದ್ದಾಗಿನಿಂದ ಅಲ್ಲೇ ಇರುವವರು. ತಮ್ಮ ಹೊಲದಲ್ಲಿ ಎದ್ದ ಮನೆಗಳಲ್ಲಿ ಯಾವುದರಲ್ಲಿ ಯಾರ ಅಡುಗೆಗೆ ಉಪ್ಪು ಹೆಚ್ಚಾಯಿತು ಎಂಬುದು ಅವರಿಗೆ ತಾರಸಿಯ ಮೇಲೆ ನಿಂತರೆ ತಿಳಿಯುತ್ತದೆ. ಮಗ ಹೊಸ ಫೋನು ಕೊಡಿಸಿದ್ದ. ‘ನನ್ ನಂಬರ್ ಕೊಡವ್ವ, ಬಂದದ್ದು ಹೇಳ್ತೀನಿ. ಅದಕ್ಕೇನಂತೆ’ ಎಂದರು. ಕೊಟ್ಟೆ. ತಾತ್ಕಾಲಿಕ ಎಂದುಕೊಂಡೇ, ಗ್ರೂಪಿಗೆ ಸೇರಿಸೆಂದು ಬಸವರಾಜನಿಗೆ ಕೊಟ್ಟೆ. ಮರುದಿನದಿಂದ ಗುಣಮಟ್ಟ ವಿಭಾಗದ ಗ್ರೂಪಿನಲ್ಲಿ ದಿನವೂ ಬೆಳಿಗ್ಗೆ ಐದಕ್ಕೆ ಒಂದು ಗುಲಾಬಿ, ಒಂದು ದೇವರು, ಒಂದು ಸುಭಾಷಿತ ಬೀಳತೊಡಗಿದವು. ಮೂರ್ತಿಯವರು ಅವಕ್ಕೆಲ್ಲ ಕೈ ಮುಗಿಯುತ್ತಿದ್ದರಂತೆ. ನನಗೆ ಬರಬೇಕಾದ ಸಂದೇಶಗಳು ತಾರಸಿಯಿಂದ ಬರುತ್ತಿದ್ದವು: ‘ಏ ವಿದ್ಯಾ, ನಾಳೆ ಮೊದಲ್ನೇ ಶಿಫ್ಟಂತೆ. ನಿನ್ ರಿಪೋರ್ಟು ಸರಿಗಿಲ್ಲ ಅಂತ ನಿಮ್ ಸಾಯೇಬ್ರು ಬರ್ದವ್ರೆ.’ ಬೀದಿಯ ತುದಿಯಲ್ಲಿ ಇಸ್ತ್ರಿ ಹಾಕುವ ಅಣ್ಣ ಮರುದಿನ ನನ್ನ ಚೂಡಿದಾರ ಕೊಡುತ್ತಾ, ರಿಪೋರ್ಟು ಸರಿ ಮಾಡಿದ್ರಾ ಮೇಡಂ ಎಂದು ವಿಚಾರಿಸಿದರು. ಯಾವುದೋ ದೇಶದ ಕಂಪ್ಯೂಟರಿಗೆ ನನ್ನ ವಿಷಯ ತಿಳಿಯಬಾರದೆಂದು ಹೊರಟವಳ ಬದುಕು ಲಗ್ಗೆರೆಯ ಮೂರನೇ ಅಡ್ಡರಸ್ತೆಗೆ ನೇರ ಪ್ರಸಾರವಾಗುತ್ತಿತ್ತು. ಆದರೂ ನಾನು ವಾದ ಬಿಡಲಿಲ್ಲ. ರತ್ನಮ್ಮ ನನ್ನ ಮಾಹಿತಿಯನ್ನು ಮಾರುವುದಿಲ್ಲ, ಪುಕ್ಕಟೆ ಹಂಚುತ್ತಾರೆ ಎಂದು ಬಸವರಾಜನಿಗೆ ವ್ಯತ್ಯಾಸ ವಿವರಿಸಿದೆ.

ಇಷ್ಟರಲ್ಲಿ ನನಗೊಂದು ನಿಜವಾದ ಗುಟ್ಟು ಹುಟ್ಟಿಕೊಂಡಿತು. ನನ್ನ ಕಾಂಟ್ರಾಕ್ಟು ದೀಪಾವಳಿಗೆ ಮುಗಿಯುವುದಿತ್ತು. ಕಾಯಂ ಮಾಡುವುದು ಬಿಡುವುದು ಮೂರ್ತಿಯವರ ಕೈಯಲ್ಲಿ. ಬೋಳುತಲೆ ಮತ್ತು ಎರಡು ಮೆಮೊಗಳ ನಂತರ ಅವರ ಕೈ ಯಾವ ಕಡೆ ವಾಲುತ್ತದೆಂದು ಊಹಿಸಲು ಚರ್ಚಾಸ್ಪರ್ಧೆಯ ಶೀಲ್ಡು ಗೆದ್ದಿರಬೇಕಾಗಿಲ್ಲ. ಹಾಗಾಗಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ಸದ್ದಿಲ್ಲದೆ ಅರ್ಜಿ ಹಾಕಿದೆ. ಬೇರೆ ಕಡೆ ಕೆಲಸ ಹುಡುಕುತ್ತಿದ್ದಾಳೆಂದು ಮೂರ್ತಿಯವರಿಗೆ ತಿಳಿದರೆ ದೀಪಾವಳಿಯವರೆಗೂ ಕಾಯುವವರಲ್ಲ. ಅಲ್ಲೂ ಸಿಗದೆ ಇಲ್ಲೂ ಹೋದರೆ ಗಂಟುಮೂಟೆ ಕಟ್ಟಿ ತುಮಕೂರಿನ ಬಸ್ಸು ಹತ್ತುವುದೊಂದೇ ದಾರಿ. ಬಸವರಾಜನಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಆ ಕಂಪನಿಯ ಹುಡುಗಿ ಫೋನ್ ಮಾಡಿದಳು. ಶನಿವಾರ ಇಂಟರ್‌ವ್ಯೂ, ಲೆಟರೂ ಲೊಕೇಶನ್ನೂ ಕಳಿಸಬೇಕು, ಆ ಹಸಿರು ಆ್ಯಪು ಇರುವ ನಂಬರು ಕೊಡಿ ಎಂದಳು. ಅದು ನನ್ನಲ್ಲಿ ಯಾಕಿಲ್ಲ, ಅವಳಲ್ಲೂ ಯಾಕಿರಬಾರದು ಎಂಬುದನ್ನು ಹತ್ತು ನಿಮಿಷ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿ, ‘ಸರಿ ಮೇಡಂ. ನಂಬರ್ ಹೇಳ್ತೀರಾ?’ ಎಂದಳು. ನನ್ನ ನಾಲಗೆ, ತಾನು ಅದುವರೆಗೆ ಆಡಿದ್ದನ್ನೆಲ್ಲ ಮರೆತು, ರೂಢಿಯಂತೆ ರತ್ನಮ್ಮನ ನಂಬರು ಹೇಳಿಬಿಟ್ಟಿತು.

ಫೋನ್ ಇಟ್ಟ ಮೇಲೆ ನಾನು ಮಾಡಿಕೊಂಡದ್ದು ಹೊಳೆಯಿತು. ಆದರೆ ರತ್ನಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಮನೆಗೆ ಹೋಗಿ ನಾನೇ ಓದಿಕೊಂಡು ಅಳಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಸಂಜೆ ಹೋದಾಗ ಅವರು ಗೇಟಿನಲ್ಲೇ ಕಾಯುತ್ತಿದ್ದರು. ಮುಖದಲ್ಲಿ ಉಪಕಾರ ಮಾಡಿದ ಬೆಳಕು.

‘ನಿಂಗೊಂದು ಇಂಗ್ಲೀಷ್ ಕಾಗ್ದ ಬಂದಿತ್ತು ಕಣವ್ವ. ನಂಗೆ ಓದಕ್ಕೆ ಬರಾಕಿಲ್ವಲ್ಲ. ಅರ್ಜೆಂಟೇನೋ ಅಂತ ನಿಮ್ ಕಂಪ್ನಿ ಗ್ರೂಪಿಗೇ ಆಕ್ಬಿಟ್ಟೆ, ಯಾರಾದ್ರೂ ಓದಿ ವಿದ್ಯಾಗೆ ಯೋಳ್ರಪ್ಪಾ ಅಂತ. ಎಲ್ರೂ ಓದವ್ರೆ. ನೀಲಿ ಗೀಟು ಬಂದೈತೆ ನೋಡು.’

ನೋಡಿದೆ. ನನ್ನ ಪೂರ್ತಿ ಹೆಸರು, ಇಂಟರ್‌ವ್ಯೂ ದಿನ, ಹೊತ್ತು, ಜಾಗ, ಅದರ ಲೊಕೇಶನ್ನು, ಈಗಿನ ಕೆಲಸ ಬಿಡಲು ಎಷ್ಟು ದಿನ ಬೇಕೆಂಬ ಪ್ರಶ್ನೆ. ಕೊನೆಯಲ್ಲಿ ಒಂದು ಸಾಲು: ಹುದ್ದೆಗಳು ಹಲವಿವೆ, ಅನುಭವಿ ಸ್ನೇಹಿತರಿದ್ದರೆ ಕರೆತನ್ನಿ. ಅದರ ಕೆಳಗೆ ಮೂರ್ತಿಯವರು, ಗುಲಾಬಿಗಳಿಗೆ ಮುಗಿದಂತೆಯೇ ಕೈ ಮುಗಿದಿದ್ದರು.

ಮರುದಿನ ಕಾರ್ಖಾನೆಯಲ್ಲಿ ಯಾರೂ ಚಕಾರ ಎತ್ತಲಿಲ್ಲ. ಬೈದಿದ್ದರೆ ಖಂಡಿಸಬಹುದಿತ್ತು, ಮೌನವನ್ನು ಖಂಡಿಸುವ ವಿಧಾನವನ್ನು ನಮಗೆ ಹೇಳಿಕೊಟ್ಟಿರಲಿಲ್ಲ. ಶುಕ್ರವಾರ, ನಾಳೆ ಹೊಟ್ಟೆನೋವಿನ ಕಾರಣ ಬರಲಾಗುವುದಿಲ್ಲ ಎಂದು ಮೂರ್ತಿಯವರಿಗೆ ಮಾಮೂಲಿ ಎಸ್ಸೆಮ್ಮೆಸ್ ಕಳಿಸಿದೆ. ‘ಸರಿ. ಎಲೆಕ್ಟ್ರಾನಿಕ್ ಸಿಟಿ ದೂರ. ಬೇಗ ಹೊರಡಿ’ ಎಂದು ಉತ್ತರ ಬಂತು.

ಬೇಗ ಹೊರಟೆ, ತಡವಾಗಿ ತಲುಪಿದೆ. ಹೆದ್ದಾರಿಯಲ್ಲಿ ಬಸ್ಸಿಳಿದು ನನ್ನ ಸ್ವತಂತ್ರ ನಕ್ಷೆಯನ್ನು ತೆರೆದರೆ, ಆ ಕಂಪನಿ ಇರಬೇಕಾದ ಕಡೆ ಯಾವನೋ ಸ್ವಯಂಸೇವಕ ಎಂದೋ ಗುರುತು ಹಾಕಿಹೋದ ನೀಲಗಿರಿ ತೋಪು ಹಸಿರಾಗಿ ನಗುತ್ತಿತ್ತು. ಆಟೋದವರನ್ನು ಕೇಳಿದರೆ ‘ಲೊಕೇಶನ್ ಹಾಕಿ ಮೇಡಂ, ಹೋಗೋಣ’ ಎಂದರು. ಸೆಕ್ಯೂರಿಟಿಯವರೂ ಲೊಕೇಶನ್ ಕೇಳಿದರು. ಬಾಯಿಂದ ದಾರಿ ಹೇಳುವ ಒಬ್ಬ ಮನುಷ್ಯನೂ ಉಳಿಯದ ಊರಿನಲ್ಲಿ, ಒಂದೇ ಥರದ ಗಾಜಿನ ಕಟ್ಟಡಗಳ ನಡುವೆ ಒಂದು ಗಂಟೆ ಅಲೆದು, ಸೆರಗೆಲ್ಲ ಧೂಳಾಗಿ ಒಳಗೆ ಕಾಲಿಟ್ಟರೆ, ಕಾಯುವ ಕೋಣೆಯ ಮೊದಲ ಸಾಲಿನಲ್ಲಿ ನಮ್ಮ ವಿಭಾಗ ಕೂತಿತ್ತು. ನಾಲ್ಕೂ ಜನ. ಇಸ್ತ್ರಿ ಹಾಕಿದ ಅಂಗಿ, ತಲೆಗೆ ಎಣ್ಣೆ. ಬಸವರಾಜ ಎದ್ದು ನಿಂತು ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಕರವಸ್ತ್ರ ತೆಗೆದ.

‘ಬರ್ರಿ ಮೇಡಂ, ನಿಮ್ಮ ಸಲುವಾಗಿ ಜಾಗಾ ಹಿಡದಿನ್ರಿ. ಯಾಕ್ ಇಷ್ಟ್ ತಡಾ ಆತು? ನೀವs ಕಳಿಸಿದ ಲೊಕೇಶನ್ನು, ಸೀದಾ ಬಾಗಲಕ್ಕs ತಂದು ನಿಲ್ಲಿಸ್ತು.’

ನಾನು ಕಳಿಸಿದ್ದಲ್ಲ ಎನ್ನಲು ಬಾಯಿ ತೆರೆದೆ. ಅವನ ಮುಖದಲ್ಲಿದ್ದದ್ದು ಕುಹಕವಲ್ಲ, ಕೃತಜ್ಞತೆ. ಅವನು ಹಿಡಿದಿಟ್ಟ ಕುರ್ಚಿಯಲ್ಲಿ ಕೂತೆ.

ಇಂಟರ್‌ವ್ಯೂ ಮಾಡಿದ ಹೆಂಗಸು ಒಳ್ಳೆಯವರು. ಅಳತೆ, ಅಳತೆಯ ಹೆಚ್ಚುಕಡಿಮೆಯ ಮಿತಿ, ಬಿರುಕು, ಎಲ್ಲಕ್ಕೂ ಸರಿಯಾಗಿ ಉತ್ತರಿಸಿದೆ. ಕೊನೆಗೆ, ಇಲ್ಲಿ ಅಳತೆಗಳನ್ನೆಲ್ಲ ಸ್ವಂತ ಫೋನಿನ ಆ್ಯಪಿನಲ್ಲೇ ತುಂಬಬೇಕು, ನಿಮ್ಮ ಫೋನಿನಲ್ಲಿ ಅದು ನಡೆಯುತ್ತದೆಯೇ ಎಂದು ಕೇಳಿದರು. ನಡೆಯುವುದಿಲ್ಲ, ಬೇರೆ ಫೋನು ತರುತ್ತೇನೆ ಎಂದು ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ನಾನು ಎದ್ದು ನಿಂತೆ. ನೌಕರರ ಜೇಬಿನೊಳಗೆ ಮಾಲೀಕನ ಕಣ್ಣು ಇರಬಹುದೇ ಎಂಬಲ್ಲಿಂದ ಶುರುವಾಗಿ, ಟಾರ್ಚು, ಸೋದರತ್ತೆ, ಮೊಟ್ಟೆಯ ಡಬ್ಬಿ ಎಲ್ಲವನ್ನೂ ದಾಟಿ, ಸಮಾರೋಪಕ್ಕೆ ಬರುವಾಗ ಅವರು ಗಡಿಯಾರ ನೋಡಿಕೊಂಡರು. ಅದನ್ನು ಎಚ್ಚರಿಕೆಯ ಗಂಟೆ ಎಂದುಕೊಂಡು ದನಿ ಏರಿಸಿ ಮುಗಿಸಿ, ಸಭೆಗೆ ವಂದಿಸಿದೆ. ‘ನೀವು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ ಕಣಮ್ಮ’ ಎಂದರು ಅವರು. ಅಷ್ಟು ಸ್ಪಷ್ಟವಾಗಿ ತೀರ್ಪುಗಾರರು ನನ್ನ ಪರ ನಿಂತದ್ದು ಅದೇ ಮೊದಲು. ಕೆಲಸ ಬಸವರಾಜನಿಗೆ ಸಿಕ್ಕಿತು. ಉಳಿದ ಮೂವರಿಗೂ ಸಿಕ್ಕಿತು.

ಅವರು ಹೊರಟುಹೋದ ವಾರ ಮೂರ್ತಿಯವರು ನನ್ನನ್ನು ಕರೆದರು. ತುಮಕೂರಿನ ಬಸ್ಸಿನ ಹೊತ್ತು ನೋಡಿಕೊಂಡೇ ಒಳಗೆ ಹೋದೆ. ಮೇಜಿನ ಮೇಲೆ ಕಾಯಂ ಮಾಡುವ ಪತ್ರ ಇತ್ತು. ವಿಭಾಗದಲ್ಲಿ ಅಳತೆ ನೋಡಲು ನನ್ನನ್ನು ಬಿಟ್ಟು ಇನ್ನೊಂದು ಪ್ರಾಣಿ ಉಳಿದಿರಲಿಲ್ಲ. ಪತ್ರ ಕೊಟ್ಟು, ಕನ್ನಡಕ ಒರೆಸುತ್ತಾ ಅವರು ಮೆಲ್ಲಗೆ ಕೇಳಿದರು: ‘ವಿದ್ಯಾ, ನಿಮ್ಮ ಆ ಫೋನಿನ ವಿಷಯ ಯೋಚನೆ ಮಾಡ್ದೆ. ನೀವು ಹೇಳೋದು ಸರಿ ಕಣ್ರೀ. ಇಂಟರ್‌ವ್ಯೂ ಮೆಸೇಜ್ ಬರಲ್ಲ, ಬಂದ್ರೂ ದಾರಿ ಸಿಗಲ್ಲ. ಹೊಸದಾಗಿ ಸೇರೋರಿಗೆಲ್ಲ ಕಂಪನಿಯಿಂದ ಅದನ್ನೇ ಕೊಡಿಸಿದ್ರೆ ಹೇಗೆ? ನಿಮ್ಮ ಜೊತೆ ಸೆಲ್ಫಿ ಹಾಕಿದ್ರಲ್ಲ, ಆ ಸುಹಾಸ್ ಅನ್ನೋರ ಅಡ್ರೆಸ್ ಕೊಡ್ತೀರಾ?’ ಇಷ್ಟು ದಿನದಲ್ಲಿ ನನ್ನ ವಾದವನ್ನು ಒಪ್ಪಿ ಜಾರಿಗೂ ತರಲು ಹೊರಟ ಮೊದಲ ಮನುಷ್ಯ. ಅದು ನನ್ನ ಖಾಸಗಿ ವಿಷಯ ಸಾರ್ ಎಂದು ಹೇಳಿ ಹೊರಗೆ ಬಂದೆ.

ಅಂದು ಸಂಜೆಯೇ ಅಂಗಡಿಗೆ ಹೋಗಿ, ಎಲ್ಲರ ಬಳಿ ಇರುವಂಥ, ಎಲ್ಲ ಚಾಡಿಯನ್ನೂ ಹೇಳುವಂಥ ಒಂದು ಫೋನು ತಂದೆ. ಹಸಿರು ಆ್ಯಪು ಹಾಕಿದೆ. ನನ್ನನ್ನು ವಿಭಾಗದ ಗ್ರೂಪಿಗೆ ಸೇರಿಸು ಎಂದು ಬಸವರಾಜನನ್ನು ಕೇಳಿದರೆ, ಕೆಲಸ ಬಿಟ್ಟ ದಿನವೇ ನಾಲ್ವರೂ ಗ್ರೂಪಿನಿಂದ ಹೊರಬಂದೆವು ಎಂದ. ಗ್ರೂಪು ಮಾಡಿದವನು ಬಿಟ್ಟುಹೋದರೆ, ಉಳಿದವರಲ್ಲಿ ಒಬ್ಬರಿಗೆ ಆ ಅಧಿಕಾರವನ್ನು ಆ್ಯಪು ತಾನೇ ಕೊಡುತ್ತದಂತೆ. ಉಳಿದಿದ್ದವರು ಇಬ್ಬರು: ಮೂರ್ತಿಯವರು ಮತ್ತು ರತ್ನಮ್ಮ. ಆ್ಯಪು ಆರಿಸಿದ್ದು ರತ್ನಮ್ಮನನ್ನು.

ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ, ನನ್ನನ್ನು ಸೇರಿಸಿ ಎಂದು ಕೇಳಿಕೊಂಡೆ. ಅವರು ಒಣಗಿದ ಮೆಣಸಿನಕಾಯಿ ಮಗುಚುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ನೋಡಾನ ತಾಳವ್ವ. ನಿಂದು ಬಾಯಿ ಜೋರು. ನಾನೂ ನಿಮ್ ಸಾಯೇಬ್ರೂ ತಣ್ಣಗೆ ಇದೀವಿ ಅದ್ರಾಗೆ.’

ಇದಾಗಿ ಮೂರು ವಾರವಾಯಿತು. ಪರವಾಗಿ ಏಳು ಅಂಶ ಬರೆದಿಟ್ಟುಕೊಂಡಿದ್ದೇನೆ. ಅವರು ಇನ್ನೂ ಸಮಯ ಕೊಟ್ಟಿಲ್ಲ.