‘ಒಪ್ಪಿದ್ದೇನೆ’ ಎಂಬ ಗುಂಡಿ

ಆದಿನಾರಾಯಣಪ್ಪ: ಒತ್ತಬೇಡ! ಕೈ ತೆಗಿ ಅಂದೆ!

ಬೀರೇಶ: ಭಾವ, ಇದೇನು ಬೆಟ್ಟ ಅಗಿಯೋ ಕೆಲಸ ಅಲ್ಲ. ‘ಒಪ್ಪಿದ್ದೇನೆ’ ಅಂತ ಇಲ್ಲೊಂದು ಗುಂಡಿ ಐತೆ. ಒತ್ತಿದ್ರೆ ಸಾಫ್ಟ್‌ವೇರ್ ಒಳಕ್ಕೋಗಿ ಕೂತ್ಕಂತದೆ. ಅಷ್ಟೇ.

ಆದಿನಾರಾಯಣಪ್ಪ: ಏನಕ್ಕೆ ಒಪ್ಪಿದ್ದೀಯಪ್ಪಾ?

ಬೀರೇಶ: ಅದ್ರಲ್ಲಿ ಬರ್ದಿರೋದಕ್ಕೆ.

ಆದಿನಾರಾಯಣಪ್ಪ: ಏನು ಬರ್ದೈತೆ?

ಬೀರೇಶ: ಯಾರಿಗ್ಗೊತ್ತು? ಅದನ್ನ ಯಾರೂ ಓದಲ್ಲ ಭಾವ.

ಆದಿನಾರಾಯಣಪ್ಪ: ಯಾರೂ ಓದಲ್ಲ! ಕೇಳಿದ್ಯೇನೇ ನಿನ್ ತಮ್ಮನ ಮಾತ? ಇಂಥೋರು ಇರೋದ್ರಿಂದಲೇ ಕಣೇ ವಕೀಲರ ಮನೆ ಮೂರಂತಸ್ತು ಎದ್ದಿರೋದು.

ನರಸಮ್ಮ: ಅಂತಸ್ತೆಲ್ಲ ಆಮೇಲೆ ಕಟ್ಟುವಿರಂತೆ. ಅವ್ವನ ಹಾಡು ಸಿಡಿಗೆ ಬರ್ತದೋ ಇಲ್ವೋ, ಅಷ್ಟು ಹೇಳಿ.

ದೇವನಹಳ್ಳಿಯ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಹುಣಸೆಮರದ ಕೆಳಗೆ ಇಪ್ಪತ್ತೆಂಟು ವರ್ಷಗಳಿಂದ ಕ್ರಯಪತ್ರ, ವಿಭಾಗಪತ್ರಗಳನ್ನು ಬರೆಯುತ್ತ ಬಂದಿರುವ ಆದಿನಾರಾಯಣಪ್ಪನವರ ಧರ್ಮಶಾಸ್ತ್ರದಲ್ಲಿ ಪಾಪವೆಂಬುದು ಒಂದೇ: ಓದದೆ ಒಪ್ಪುವುದು. ಇನ್ನು ಮುಂದೆ ಪತ್ರಗಳನ್ನು ಕಂಪ್ಯೂಟರಿನಲ್ಲೇ ಟೈಪು ಮಾಡುವ ಹುರುಪಿನಿಂದ ಈ ವರ್ಷ, ಎಂದರೆ ತೊಂಬತ್ತೊಂಬತ್ತರಲ್ಲಿ, ಅವರು ತಂದ ಯಂತ್ರವು ನಡುಮನೆಯ ಮೇಜಿನ ಮೇಲೆ ಅರಿಶಿನ ಕುಂಕುಮ ಇಡಿಸಿಕೊಂಡು ಕುಳಿತಿದೆ. ಆದರೆ ಅದರ ಹೊಟ್ಟೆಯಲ್ಲಿ ಈಗ ಒಂದು ಪತ್ರಕ್ಕೂ ಜಾಗವಿಲ್ಲ. ಹೊಸಕೋಟೆಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವ ಬಾಮೈದ ಬೀರೇಶ, ನಾಲ್ಕು ವರ್ಷ ಹಳೆಯದಾದ ತನ್ನ ಮದುವೆಯ ಕ್ಯಾಸೆಟ್ಟಿನ ಕೊನೆಯ ಒಂದು ಗಂಟೆಯನ್ನು ಹೋದ ವಾರ ಅದಕ್ಕೆ ತುಂಬಿಸಿದ್ದ. ತುಂಬಿಸಿ ಮುಗಿದ ಮರುಗಳಿಗೆಯೇ ವಿಸಿಆರ್ ಎಂಬ ಪ್ರಾಣಿ ಟೇಪನ್ನು ಶಾವಿಗೆಯಂತೆ ಎಳೆದುಕೊಂಡು ನುಂಗಿಬಿಟ್ಟಿತು. ಆ ಒಂದು ಗಂಟೆಯಲ್ಲಿ, ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ನರಸಮ್ಮನ ಅವ್ವ ಹಾಡಿದ ಆರತಿ ಹಾಡು ಇದೆ. ಅವ್ವ ತೀರಿಕೊಂಡು ವರ್ಷವಾಯಿತು. ಆಕೆಯ ದನಿ ಲೋಕದಲ್ಲಿ ಉಳಿದಿರುವುದು ಅದೊಂದೇ ಕಡೆ. ನಾಳೆ ಸೋಮವಾರ, ಏಳು ಕ್ರಯಪತ್ರಗಳು ಟೈಪಾಗಬೇಕು. ಇಂದು ಸಂಜೆಯೊಳಗೆ ವಿಡಿಯೋ ಸಿಡಿಯಾಗದಿದ್ದರೆ ಅಳಿಸಿಹಾಕುವುದಾಗಿ ಆದಿನಾರಾಯಣಪ್ಪ ಬೆಳಗಿನ ಉಪ್ಪಿಟ್ಟಿನ ಮುಂದೆಯೇ ನೋಟೀಸು ಜಾರಿ ಮಾಡಿದ್ದರು.

ನರಸಮ್ಮ: ಬೀರೇಶ, ಇವರ ಹತ್ರ ಯಾಕೆ ಒದ್ದಾಡ್ತೀಯ? ಆ ವಿಡಿಯೋನ ನಿನ್ ಸೆಂಟ್ರಿಗೆ ತಗೊಂಡೋಗಿ ಮಾಡ್ಕೊಂಡ್ ಬಂದ್ಬಿಡು.

ಬೀರೇಶ: ಯಾತರಲ್ಲಿ ತಗೊಂಡೋಗ್ಲಿ ಅಕ್ಕ? ಫ್ಲಾಪಿಗೆ ಹಾಕೋದಾದ್ರೆ ಎರಡು ಸಾವಿರ ಫ್ಲಾಪಿ ಬೇಕು. ಗಾಡಿ ಕಟ್ಟಿಸ್ಬೇಕಾಯ್ತದೆ. ಅದಕ್ಕೇ ಸಿಡಿ ಬರೆಯೋ ಡ್ರೈವನ್ನ ಅಲ್ಲಿಂದ ಬಿಚ್ಕೊಂಡು ಬಂದು ಇಲ್ಲಿ ಕೂರ್ಸಿದೀನಿ. ಇನ್ನು ಉಳಿದಿರೋದು ಸಾಫ್ಟ್‌ವೇರ್ ಒಂದೇ. ಪತ್ರಿಕೆ ಜೊತೆ ಪುಕ್ಕಟೆ ಬಂದಿದ್ದ ಡಿಸ್ಕ್‌ನಲ್ಲಿ ಮೂರು ಐತೆ. ಗಿಣಿ ಚಿತ್ರದ್ದು, ಕಪ್ಪೆ ಚಿತ್ರದ್ದು, ದೀಪದ ಚಿತ್ರದ್ದು.

ನರಸಮ್ಮ: ಗಿಣೀನೇ ಚೆನ್ನಾಗೈತೆ. ಮಾತಾಡ್ತದೆ.

ಬೀರೇಶ: ನಾನೂ ಅದನ್ನೇ ಹೇಳ್ತಿರೋದು ಅಕ್ಕ! ಒಂದು ಗಂಟೆ ವಿಡಿಯೋನೂ ಪೂರ್ತಿ ಸಿಡಿಗೆ ಹೊಂದೋ ಹಂಗೆ ಬದಲಾಯಿಸ್ತದೆ, ಸಿಡಿನೂ ಬರ್ದುಕೊಡ್ತದೆ. ಎರಡೂವರೆ ಗಂಟೆ ಕೆಲಸ. ಗಾಜಿನಂಗೆ ಬರ್ತದೆ ಚಿತ್ರ. ಆದ್ರೆ ಒಪ್ಪಂದ ಹದಿನಾಲ್ಕು ಪುಟ ಐತೆ.

ಆದಿನಾರಾಯಣಪ್ಪ: ಓದು.

ಬೀರೇಶ: ಹದಿನಾಲ್ಕೂನಾ?

ಆದಿನಾರಾಯಣಪ್ಪ: ಕನ್ನಡದಲ್ಲಿ ಹೇಳ್ತಾ ಓದು. ಮೊದಲನೇ ಪಾರ್ಟಿ ಯಾರು?

ಬೀರೇಶ: ಅಮೆರಿಕದ ಒಂದು ಕಂಪನಿ.

ಆದಿನಾರಾಯಣಪ್ಪ: ತಂದೆ ಹೆಸರು?

ಬೀರೇಶ: ಕಂಪನಿಗೆ ತಂದೆ ಎಲ್ಲಿಂದ ಬರ್ಬೇಕು ಭಾವ?

ಆದಿನಾರಾಯಣಪ್ಪ: ತಂದೆ ಇಲ್ಲ. ಆಯ್ತು. ವಾಸ?

ಬೀರೇಶ: ಕ್ಯಾಲಿಫೋರ್ನಿಯಾ.

ಆದಿನಾರಾಯಣಪ್ಪ: ಹೋಬಳಿ?

ನೆಲದ ಮೇಲೆ ಮೊರವನ್ನಿಟ್ಟುಕೊಂಡು ನೆನೆಸಿದ ಅವರೆಕಾಳು ಹಿಸುಕುತ್ತಿದ್ದ ನರಸಮ್ಮ, ಒಂದು ಕಾಳಿನ ಸಿಪ್ಪೆಯನ್ನು ಅಗತ್ಯಕ್ಕಿಂತ ಹೆಚ್ಚು ಬಲದಿಂದ ಹಿಸುಕಿದಳು. ಅದರೊಳಗಿನ ಬೇಳೆ ಹಾರಿ ಗಂಡನ ಕನ್ನಡಕಕ್ಕೆ ಬಡಿಯಿತು. ಅವರು ಅದನ್ನು ಒರೆಸಿಕೊಂಡರೇ ಹೊರತು ವಿಷಯಾಂತರ ಮಾಡಲಿಲ್ಲ.

ಆದಿನಾರಾಯಣಪ್ಪ: ಷರತ್ತು ಓದು.

ಬೀರೇಶ: ‘ಈ ಸಾಫ್ಟ್‌ವೇರನ್ನ ನಿಮಗೆ ಮಾರ್ತಾ ಇಲ್ಲ. ಉಪಯೋಗಿಸೋ ಹಕ್ಕು ಮಾತ್ರ ಕೊಡ್ತೀವಿ.’

ಆದಿನಾರಾಯಣಪ್ಪ: ಹಂಗನ್ನು. ಭೋಗ್ಯ! ಎಷ್ಟು ವರ್ಷದ್ದು?

ಬೀರೇಶ: ವರ್ಷ ಹಾಕಿಲ್ಲ. ‘ನಮಗೆ ಇಷ್ಟ ಬಂದಾಗ ಹಕ್ಕು ವಾಪಸ್ ತಗೋಬೋದು.’

ಆದಿನಾರಾಯಣಪ್ಪ: ನೋಡಿದ್ಯಾ! ಮುಂದಕ್ಕೆ.

ಬೀರೇಶ: ‘ಇದ್ದದ್ದನ್ನ ಇದ್ದ ಹಾಗೇ ಕೊಡ್ತಿದೀವಿ. ಕೆಲಸ ಮಾಡ್ದಿದ್ರೆ ನಾವು ಹೊಣೆ ಅಲ್ಲ. ನಿಮ್ ಕಂಪ್ಯೂಟರ್ ಕೆಟ್ಟೋದ್ರೂ ನಾವು ಹೊಣೆ ಅಲ್ಲ.’

ಆದಿನಾರಾಯಣಪ್ಪ: ಅಯ್ಯೋ ಶಿವನೇ! ‘ಈ ಎಮ್ಮೆ ಹಾಲು ಕೊಡ್ದಿದ್ರೆ ನನ್ನ ಕೇಳ್ಬೇಡ, ಹಾಯ್ದು ನಿನ್ನ ಕೆಡವಿದ್ರೂ ನನ್ನ ಕೇಳ್ಬೇಡ, ಹಗ್ಗ ಹಿಡ್ಕೊಂಡು ನಡಿ’ ಅಂತ ಯಾವನಾದ್ರೂ ಹೇಳಿದ್ರೆ ಹಿಡ್ಕಂತೀಯೇನೋ ನೀನು?

ಬೀರೇಶ: ಎಮ್ಮೆಗೆ ದುಡ್ಡು ಕೊಡ್ತೀವಿ ಭಾವ. ಇದು ಪುಕ್ಕಟೆ.

ಆದಿನಾರಾಯಣಪ್ಪ: ಪುಕ್ಕಟೆ ಎಮ್ಮೇನ ಯಾರಪ್ಪಾ ಕೊಡ್ತಾರೆ? ಏನಾದ್ರೂ ಕಾಯಿಲೆ ಇದ್ರೇನೇ. ಕೊನೇ ಪುಟಕ್ಕೋಗು. ತಕರಾರು ಬಂದ್ರೆ ಯಾವ ಕೋರ್ಟು?

ಬೀರೇಶ: ಕ್ಯಾಲಿಫೋರ್ನಿಯಾ ಕೋರ್ಟು.

ಆದಿನಾರಾಯಣಪ್ಪ: ಮುಗೀತಲ್ಲ! ದೊಡ್ಡಬಳ್ಳಾಪುರದ ಕೋರ್ಟಿಗೆ ಹೋಗ್ಬರೋದ್ರಲ್ಲೇ ಒಂದು ದಿನ ಹಾಳಾಯ್ತದೆ. ಗಿಣಿ ಬೇಡ.

ನರಸಮ್ಮ: ಅಲ್ರೀ, ಅವ್ವನ ಹಾಡು ಕೇಳೋಕೆ ಯಾರ ಮೇಲೆ ದಾವಾ ಹಾಕ್ಬೇಕು ಈಗ?

ಆದಿನಾರಾಯಣಪ್ಪ: ನೀನು ಸುಮ್ನಿರು. ಸಿಡಿ ಅನ್ನೋದು ಒಂದ್ಸಲ ಬರ್ದ್ರೆ ಅಳ್ಸೋಕಾಗಲ್ಲ ಅಂತ ಇವನೇ ಹೇಳಿದಾನೆ. ಅಂದ್ರೆ ನೋಂದಣಿ ಆದ ಪತ್ರ ಇದ್ದಂಗೆ. ಹುಷಾರಾಗಿರ್ಬೇಕು. ಕಪ್ಪೆ ತೆಗಿ.

ಬೀರೇಶ ತೆರೆಯ ಮೇಲಿನ ಕಪ್ಪೆಯನ್ನು ಒತ್ತಿದ. ಅದು ಹಸಿರಾಗಿ, ದುಂಡಗೆ, ಯಾವ ಪೂರ್ವಗ್ರಹವೂ ಇಲ್ಲದ ಕಣ್ಣುಗಳಿಂದ ಮೂವರನ್ನೂ ನೋಡಿತು.

ಬೀರೇಶ: ಇದರ ಒಪ್ಪಂದ ಎರಡೇ ಪುಟ. ಆದ್ರೆ ಇದು ಪರೀಕ್ಷೆಗೆ ಅಂತ ಕೊಟ್ಟಿರೋದು. ಅದಕ್ಕೆ ಚಿತ್ರದ ನಟ್ಟನಡುವೆ ಒಂದು ಕಪ್ಪೆ ಕೂತಿರ್ತದೆ.

ನರಸಮ್ಮ: ಎಷ್ಟೊತ್ತು?

ಬೀರೇಶ: ಮೊದಲಿಂದ ಕೊನೇವರ್ಗೂ.

ನರಸಮ್ಮ: ಅವ್ವ ಆರತಿ ಹಿಡ್ಕೊಂಡು ನಿಂತಿರ್ತಾಳಲ್ಲ, ಆಗ?

ಬೀರೇಶ: ಆಗ ಸರಿಯಾಗಿ ಮುಖದ ಮೇಲೆ. ನನ್ ಹೆಂಡ್ತಿ ಸೇರು ಒದೆಯೋವಾಗ ಸೊಂಟದ ಹತ್ರ.

ನರಸಮ್ಮ: ಹಾಳಾಗೋಗ್ಲಿ, ದನಿ ಕೇಳಿದ್ರೆ ಸಾಕು. ಮುಖ ನಂಗೆ ಹೆಂಗೂ ಮರ್ತೋಗಲ್ಲ.

ಬೀರೇಶ: ಅಲ್ಲೂ ಒಂದು ತೊಂದ್ರೆ ಐತೆ ಅಕ್ಕ. ಅರ್ಧ ನಿಮಿಷಕ್ಕೊಂದ್ಸಲ ಅದು ವಟರ್ ಅಂತದೆ.

ನರಸಮ್ಮ: ಹಾಡಿನ ಮಧ್ಯನೂ?

ಬೀರೇಶ: ಮಂತ್ರದ ಮಧ್ಯನೂ.

ನರಸಮ್ಮ: ಅಲ್ಲೋ, ಅವ್ವ ಸತ್ತು ಕಪ್ಪೆ ಆಗವಳೆ ಅಂತ ಆಡ್ಕಳಲ್ವಾ ಜನ? ಕಪ್ಪೆ ಬೇಡ. ದೀಪದ್ದು ಯಾವ್ದೋ ಐತೆ ಅಂದ್ಯಲ್ಲ, ಅದು ಹೆಂಗೆ?

ಬೀರೇಶ: ಅದನ್ನ ಯಾಕಾದ್ರೂ ಹೇಳಿದ್ನೋ. ಕಪ್ಪೆ ಇಲ್ಲ, ವಟವಟ ಇಲ್ಲ, ಚಿತ್ರನೂ ಚೆನ್ನಾಗಿ ಬರ್ತದೆ. ಆದ್ರೆ ದುಡ್ಡು ಕಟ್ಟೋವರ್ಗೂ ಅರ್ಧ ಮಾತ್ರ ಮಾಡ್ಕೊಡ್ತದೆ. ಒಂದು ಗಂಟೆ ವಿಡಿಯೋ ಹಾಕಿದ್ರೆ ಮೊದಲನೇ ಅರ್ಧ ಗಂಟೆ ಬರ್ತದೆ. ಅಲ್ಲಿಗೆ ನಿಂತೋಯ್ತದೆ.

ಆದಿನಾರಾಯಣಪ್ಪ: ಹಾಡು ಎಷ್ಟನೇ ನಿಮಿಷಕ್ಕೆ ಬರ್ತದೆ?

ಬೀರೇಶ: ನಲವತ್ತಕ್ಕೆ.

ಆದಿನಾರಾಯಣಪ್ಪ: ಇದು ಆಗಬೋದು. ಒತ್ತು.

ಗಂಡನ ದನಿಯಲ್ಲಿ ಇದ್ದಕ್ಕಿದ್ದಂತೆ ಮೂಡಿದ ಈ ಔದಾರ್ಯಕ್ಕೆ ಅವರೆಕಾಳಿನ ಮೇಲೆ ನರಸಮ್ಮನ ಹೆಬ್ಬೆರಳು ಹಾಗೇ ನಿಂತಿತು.

ಬೀರೇಶ: ಭಾವ, ಒಪ್ಪಂದ ಓದ್ಲಾ?

ಆದಿನಾರಾಯಣಪ್ಪ: ಬೇಕಾಗಿಲ್ಲ. ನೋಡಿದ್ರೇ ಗೊತ್ತಾಯ್ತದೆ, ಮರ್ಯಾದಸ್ಥರು. ದೀಪದ ಚಿತ್ರ ಹಾಕವ್ರೆ.

ನರಸಮ್ಮ: ಏನ್ರೀ.

ಆದಿನಾರಾಯಣಪ್ಪ: ಏನೇ?

ನರಸಮ್ಮ: ನಮ್ಮ ಮದುವೆ ಲಗ್ನಪತ್ರಿಕೇನ ಮೂರು ಸಲ ಓದಿ, ‘ಮುಹೂರ್ತ ತಪ್ಪಿದರೆ ಹೊಣೆ ಯಾರು’ ಅಂತ ಪುರೋಹಿತರನ್ನ ಕೇಳ್ದೋರು ನೀವು. ಔಷಧಿ ಬಾಟ್ಲಿ ಮೇಲಿನ ಚೀಟಿನೂ ಓದದೆ ಬಿಡಲ್ಲ. ಇದನ್ಯಾಕೆ ಓದಲಿಲ್ಲ?

ಆದಿನಾರಾಯಣಪ್ಪ: ಹೊತ್ತಾಯ್ತಲ್ಲಾ ಅಂತ.

ನರಸಮ್ಮ: ಗಿಣಿಗೆ ಹೋಬಳಿ ಕೇಳೋವಾಗ ಹೊತ್ತಾಗಿರಲಿಲ್ವಾ?

ಬೀರೇಶ: ಅಕ್ಕ, ನಂಗೊತ್ತಾಯ್ತು ಬಿಡು. ಭಾವಂಗೆ ಗಿಣಿ ಮೇಲೆ ಸಿಟ್ಟಿಲ್ಲ. ಅವ್ವನ ಹಾಡಿನ ಎರಡನೇ ಚರಣದ ಮೇಲೆ ಸಿಟ್ಟು.

ಆದಿನಾರಾಯಣಪ್ಪ: ಎರಡನೇ ಚರಣ ಯಾವ್ದೋ ನಂಗೆ ಜ್ಞಾಪಕನೇ ಇಲ್ಲ.

ನರಸಮ್ಮ: ಜ್ಞಾಪಕ ಮಾಡ್ಲಾ?

ಆದಿನಾರಾಯಣಪ್ಪ: ಬೇಡ ಅಂದೆ!

ಅಷ್ಟರಲ್ಲಿ ನರಸಮ್ಮ ಮೊರವನ್ನು ಬದಿಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಅವ್ವನ ಠೀವಿಯಲ್ಲೇ ಕತ್ತು ಎತ್ತಿ ಹಾಡಿಬಿಟ್ಟಳು:

ಪತ್ರ ಬರೆಯೋನೆ ನಮ್ಮ ಹಿರಿಯಳಿಯ
ಒಬ್ಬಟ್ಟು ಬಡಿಸಿದ್ರೆ ಚಕ್ಕುಬಂದಿ ಕೇಳ್ಯಾನೆ
ಮೂಡಲಕ್ಕೆ ತುಪ್ಪ ಪಡುವಲಕ್ಕೆ ಹಾಲು
ಬಡಗಲ ಬಾಳೆಹಣ್ಣು ಎಲ್ಲೋಯ್ತು ಅಂದಾನೆ

ಬೀರೇಶ ನಕ್ಕ ರಭಸಕ್ಕೆ ಕುರ್ಚಿ ಹಿಂದಕ್ಕೆ ಸರಿಯಿತು. ಮದುವೆಮನೆಗಳಲ್ಲಿ ಅಳಿಯಂದಿರನ್ನು ಹೀಗೆ ಹಾಡಿನಲ್ಲಿ ಹಿಡಿದು ಹಿಂಡುವುದು ಹೆಂಗಸರಿಗೆ ಸಂಪ್ರದಾಯವೇ ಕೊಟ್ಟಿರುವ ಹಕ್ಕು. ಆದರೆ ಸಾಮಾನ್ಯವಾಗಿ ಅಳಿಯನ ಮೂಗನ್ನೋ ಹೊಟ್ಟೆಯನ್ನೋ ಹಾಡುತ್ತಾರೆ. ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ ಬರೆಯುವ ಕಸುಬಿನ ಮರ್ಮಕ್ಕೇ ಕೈ ಹಾಕಿದವಳು ಅವ್ವ ಒಬ್ಬಳೇ.

ಆದಿನಾರಾಯಣಪ್ಪ: ನಗು, ನಗು. ಅವತ್ತು ಆವಲಪ್ಪನೂ ಹಿಂಗೇ ನಕ್ಕ. ನನ್ನ ಪಕ್ಕದ ಮೇಜಿನಲ್ಲಿ ಪತ್ರ ಬರೆಯೋನು, ಊಟಕ್ಕೆ ಕರೆದದ್ದೇ ತಪ್ಪಾಯ್ತು. ಎರಡು ವರ್ಷ ಕಣೋ! ಕಕ್ಷಿದಾರರ ಮುಂದೆ, ಗುಮಾಸ್ತರ ಮುಂದೆ, ‘ಏನು ಆದಿನಾರಾಯಣಪ್ಪೋರೇ, ಬಡಗಲಕ್ಕೆ ಬಾಳೆಹಣ್ಣು ಸಿಕ್ತಾ?’ ಅಂತ ಕೇಳ್ದ. ಈಗೀಗ ಮರ್ತಿದಾನೆ. ನೀವು ಅದನ್ನ ಸಿಡಿ ಮಾಡಿ ಊರ್ಗೆಲ್ಲ ಹಂಚಿ.

ನರಸಮ್ಮ: ನೀವು ಕೇಳಲಿಲ್ವಾ ಮತ್ತೆ ಬಾಳೆಹಣ್ಣು ಎಲ್ಲಿ ಅಂತ?

ಆದಿನಾರಾಯಣಪ್ಪ: ಕೇಳ್ದೆ. ಸಾಲಿನಲ್ಲಿ ಎಲ್ಲರ ಎಲೆಗೂ ಬಿದ್ದು ನನ್ ಎಲೆಗೆ ಬೀಳಲಿಲ್ಲ ಅಂದ್ರೆ ಕೇಳ್ಬಾರ್ದಾ? ಕೇಳಿದ್ದು ತಪ್ಪಲ್ಲ. ದಾಖಲೆ ಆಗಿದ್ದು ತಪ್ಪು.

ಬೀರೇಶ: ಭಾವ, ಒಂದು ದಾರಿ ಐತೆ. ಕಪ್ಪೇದು ಹಾಕಿದ್ರೆ, ‘ಬಾಳೆಹಣ್ಣು’ ಅನ್ನೋ ಹೊತ್ತಿಗೆ ಸರಿಯಾಗಿ ವಟರ್ ಅನ್ನಿಸ್ಬೋದೇನೋ.

ಆದಿನಾರಾಯಣಪ್ಪ: ಹೌದಾ? ಎಷ್ಟು ಜೋರಾಗಿ ಅಂತದೆ?

ನರಸಮ್ಮ: ಬೀರೇಶ! ಎದ್ದೇಳು ಅಲ್ಲಿಂದ.

ಬೀರೇಶ ಎದ್ದ. ನರಸಮ್ಮ ಕುರ್ಚಿಯಲ್ಲಿ ಕುಳಿತಳು. ಕಂಪ್ಯೂಟರಿಗೆ ಪ್ರತಿ ಶುಕ್ರವಾರ ಊದುಬತ್ತಿ ಬೆಳಗುವುದನ್ನು ಬಿಟ್ಟರೆ ಆ ಯಂತ್ರದೊಡನೆ ಅವಳಿಗೆ ಬೇರೆ ವ್ಯವಹಾರವಿರಲಿಲ್ಲ. ಅವರೆಕಾಳಿನ ಸೊಗಡು ಇನ್ನೂ ಆರದ ಬೆರಳುಗಳಿಂದ ಅವಳು ಮೌಸನ್ನು ಕೋಳಿಮರಿಯನ್ನು ಹಿಡಿಯುವಂತೆ ಮೆಲ್ಲಗೆ ಹಿಡಿದಳು.

ನರಸಮ್ಮ: ಗಿಣಿ ಎಲ್ಲೋ?

ಬೀರೇಶ: ಇಗೋ, ಇಲ್ಲಿ. ಈಗ ಒಪ್ಪಂದ ಬಂತಲ್ಲ, ಬಾಣದ ಗುರುತನ್ನ ಕೆಳಕ್ಕೆ ತಾ. ಇನ್ನೂ ಕೆಳಕ್ಕೆ. ಹಾಂ, ಅದೇ ಗುಂಡಿ.

ಆದಿನಾರಾಯಣಪ್ಪ: ನರಸೂ, ತಡಿ! ಒಂದು ರಾಜಿ ಮಾಡ್ಕೊಳಾಣ. ಹಾಡು ಇರ್ಲಿ. ಅತ್ತೆಯೋರು ಇರ್ಲಿ. ಆ ಸಿಡಿ ಈ ಮನೆ ಹೊಸಿಲು ದಾಟಬಾರ್ದು ಅಂತ ಒಂದು ಷರತ್ತು ಬರ್ಕೊಡು.

ನರಸಮ್ಮ: ಇದರಲ್ಲಿ ಏನಂತ ಬರ್ದೈತೋ ಬೀರೇಶ?

ಬೀರೇಶ: ‘ನಾನು ಇದಕ್ಕೆಲ್ಲ ಒಪ್ಪಿದ್ದೇನೆ’ ಅಂತ. ಪಕ್ಕದಲ್ಲಿ ‘ಒಪ್ಪುವುದಿಲ್ಲ’ ಅಂತ ಇನ್ನೊಂದು ಗುಂಡಿ ಐತೆ.

ನರಸಮ್ಮ: ಓಹೋ, ಒಪ್ಪಲ್ಲ ಅನ್ನೋಕೂ ಗುಂಡಿ ಮಡಗವ್ರಾ! ಒಳ್ಳೇ ಜನ ಕಣೋ.

ಅವಳು ಒತ್ತಿದಳು. ಒಳಗೆಲ್ಲೋ ಡ್ರೈವು ಗುರ್ರೆಂದಿತು; ತೆರೆಯ ಮೇಲೆ ನೀಲಿ ಗೆರೆಯೊಂದು ಎಡಗಡೆಯಿಂದ ಕೂದಲೆಳೆಯಷ್ಟು ಹೊರಟಿತು. ಆದಿನಾರಾಯಣಪ್ಪ ಎರಡೂ ಕೈಗಳಿಂದ ತಲೆ ಹಿಡಿದುಕೊಂಡರು.

ಆದಿನಾರಾಯಣಪ್ಪ: ಒಂದಕ್ಷರ ಓದದೆ ಒಪ್ಪಿಬಿಟ್ಟೆಯಲ್ಲೇ! ಹದಿನಾಲ್ಕು ಪುಟ! ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?

ನರಸಮ್ಮ: ಇಪ್ಪತ್ತೇಳು ವರ್ಷದ ಹಿಂದೆ ನಿಮ್ಮನ್ನೇನು ಓದಿ ಒಪ್ಕೊಂಡಿದ್ನಾ?

ಆದಿನಾರಾಯಣಪ್ಪ: ಅದರಿಂದ ಏನು ಹೆಚ್ಚುಕಮ್ಮಿ ಆಯ್ತು ಈಗ?

ನರಸಮ್ಮ: ಎರಡೂವರೆ ಗಂಟೆ ತಡ್ಕೊಳಿ. ಅವ್ವನೇ ಹಾಡಿ ಹೇಳ್ತಾಳೆ.